ಬಾಗಿಲಿಗೊಂದು ಕೈಪಟ್ಟಿ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳು. ಮೂಗಿನ ತುದಿಗೆ ಬಂದು ಕಾದು ಕೂರುವಷ್ಟು ವ್ಯವಧಾನ ನನ್ನ ಕೋಪಕ್ಕಿಲ್ಲ. ಚಿಕ್ಕಂದಿನಲ್ಲೇ ಅಣ್ಣ ನನಗೆ ಸಾಸಿವೆ ಎಂದು ಹೆಸರಿಟ್ಟ. ಗಾತ್ರ ಚಿಕ್ಕದು, ಬಿಸಿ ತಾಗಿದರೆ ಸಿಡಿಯುತ್ತದೆ ಎಂದು ವಿವರಣೆಯನ್ನೂ ಕೊಟ್ಟ. ಅವನನ್ನು ಮದುವೆಯಾಗಿ ಬಂದ ಅತ್ತಿಗೆ ಬೇರೆಲ್ಲ ವಿಷಯದಲ್ಲಿ ಗಂಡನ ಮಾತನ್ನು ಪರೀಕ್ಷಿಸಿ ನೋಡಿಯೇ ಒಪ್ಪುವವರು, ಇದೊಂದನ್ನು ಮಾತ್ರ ಬಂದ ದಿನವೇ ಒಪ್ಪಿಕೊಂಡರು. ಆಫೀಸಿನಲ್ಲಿ ಕೋಡ್ ಬರೆಯುವವರ ಒಂದು ಗುಂಪೇ ನನಗೆ ಹೆದರುತ್ತದೆ. ಅಣ್ಣನ ಮನೆಯ ಹೊಸ್ತಿಲು ದಾಟಿದರೆ ನಾನು ಬರೀ ಸಾಸಿವೆ.

ಆ ಭಾನುವಾರ ಊಟ ಮುಗಿಸಿ ಕಾಲು ಚಾಚಿದ್ದೆನಷ್ಟೆ, ಅಣ್ಣನ ಫೋನ್ ಬಂತು.

"ನಿಮ್ಮತ್ತಿಗೆ ಬೆಳಿಗ್ಗೆಯಿಂದ ಬಾಗಿಲ ಹೊರಗೇ ನಿಂತಿದಾಳೆ ಕಣೇ," ಎಂದ.

"ಯಾಕೆ, ಜಗಳ ಆಡಿದ್ರಾ?"

"ನಮ್ಮನೆ ಬಾಗಿಲಲ್ಲ. ಅವಳೇ ಕಟ್ಟಿರೋ ಬಾಗಿಲು. ಅದೇನೋ ಲಾಗಿನ್ನು. ಸರಿಯಾದ ಪಾಸ್‌ವರ್ಡ್ ಕೊಟ್ರೂ ಒಳಗೆ ಬಿಡ್ತಿಲ್ವಂತೆ. ನಾಳೆ ತೋರಿಸ್ಬೇಕು. ಊಟಾನೂ ಮಾಡಿಲ್ಲ. ನೀನು ಬಂದು ಒಂದ್ಸಲ ಸಿಡಿದು ಹೋಗು."

ನಾಳೆ ಎಂದರೆ ಏನು ಎಂದು ನನಗೆ ಗೊತ್ತಿತ್ತು. ಅತ್ತಿಗೆ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿನ ನರ್ಸ್. ಕತ್ತರಿ ಬೇಕೆಂದು ಸರ್ಜನ್ ಬಾಯಿ ತೆರೆಯುವ ಮೊದಲೇ ಅದನ್ನು ಅವರ ಅಂಗೈಗೆ ಇಡುತ್ತಿದ್ದವರು. ಪ್ರತಿ ಆಪರೇಷನ್‌ಗೂ ಮೊದಲು ಮೊಣಕೈವರೆಗೆ ಔಷಧಿ ಸೋಪಿನಲ್ಲಿ ಉಜ್ಜಿ ತೊಳೆಯಬೇಕು; ಅದಕ್ಕೆ ಸ್ಕ್ರಬ್ ಎನ್ನುತ್ತಾರೆ. ವರ್ಷಗಟ್ಟಲೆ ತೊಳೆದು ತೊಳೆದು ಅತ್ತಿಗೆಯ ಕೈಯ ಚರ್ಮ ಮುನಿಸಿಕೊಂಡಿತು. ಮೊದಲು ತುರಿಕೆ, ಆಮೇಲೆ ಬಿರುಕು, ಆಮೇಲೆ ಬಿರುಕಿನಿಂದ ರಕ್ತ. ಬಿರುಕು ಬಿಟ್ಟ ಕೈ ಥಿಯೇಟರಿನೊಳಗೆ ಹೋಗುವಂತಿಲ್ಲ; ಹೊಸಬರಿಗೆ ಆ ನಿಯಮವನ್ನು ಗಿಣಿಪಾಠ ಮಾಡಿಸುತ್ತಿದ್ದವರು ಅತ್ತಿಗೆಯೇ. ಇನ್ನು ಆ ಸೋಪನ್ನು ಮುಟ್ಟಲೇಕೂಡದು ಎಂದು ಚರ್ಮದ ಡಾಕ್ಟರು ಹೇಳಿದ ದಿನ ಅವರು ಯಾರೊಂದಿಗೂ ವಾದ ಮಾಡಲಿಲ್ಲ. ಮನೆಗೆ ಬಂದು ಅಡುಗೆಮನೆಯ ಸಿಂಕಿನ ಮುಂದೆ ತುಂಬ ಹೊತ್ತು ನಿಂತಿದ್ದರು ಎಂದು ಅಣ್ಣ ಹೇಳಿದ್ದ.

ಆಸ್ಪತ್ರೆಯವರು ಅವರಿಗೆ ನೆಲಮಾಳಿಗೆಯ ಬಟ್ಟೆ ಕೋಣೆ ತೋರಿಸಿದರು. ಹಾಸಿಗೆ ಬಟ್ಟೆ, ಗೌನು, ಪರದೆ ಇವನ್ನೆಲ್ಲ ಮಡಿಸಿ, ಎಣಿಸಿ, ಮೇಲಿನ ವಾರ್ಡುಗಳಿಗೆ ಕಳಿಸುವ ಜಾಗ. "ಬಟ್ಟೆ ಮಡಿಸೋದು ಕೆಟ್ಟ ಕೆಲಸ ಅಂತಲ್ಲ ಸಾಸಿವೆ," ಎಂದಿದ್ದರು ಅತ್ತಿಗೆ. "ಅಲ್ಲಿ ಯಾರೂ ಹುಷಾರಾಗಲ್ಲ, ಅಷ್ಟೇ."

ಚರ್ಮ ವಾಸಿಯಾಗಲೆಂದು ಕೊಟ್ಟ ರಜೆಯಲ್ಲಿ ಕೈಕಟ್ಟಿ ಕೂರಲಾರದೆ ಅವರು ಇಂಟರ್ನೆಟ್ಟಿನ ಪಾಠ ನೋಡಿಕೊಂಡು ಪ್ರೋಗ್ರಾಮಿಂಗ್ ಕಲಿಯತೊಡಗಿದ್ದರು. ಇದು ಅವರ ಮೇಲಿನ ಮುಖ್ಯ ನರ್ಸ್, ಎಲ್ಲರೂ ದೊಡ್ಡ ಸಿಸ್ಟರ್ ಎನ್ನುವ ಹೆಂಗಸಿನ ಕಿವಿಗೆ ಬಿತ್ತು. ನರ್ಸುಗಳ ಡ್ಯೂಟಿ ಚಾರ್ಟು ಅಲ್ಲಿ ಇನ್ನೂ ಗೋಡೆಗೆ ಅಂಟಿಸಿದ ಕಾಗದ. ಅದು ಬದಲಾಗುತ್ತಲೇ ಇರುತ್ತದೆ, ಮನೆಯಲ್ಲಿದ್ದವರು ಫೋನ್ ಮಾಡಿ ಮಾಡಿ ಕೇಳಬೇಕು. ನರ್ಸುಗಳು ಮನೆಯಿಂದಲೇ ಲಾಗಿನ್ ಆಗಿ ತಮ್ಮ ಡ್ಯೂಟಿ ನೋಡುವಂಥ ಒಂದು ಪುಟ ಮಾಡಿ, ಸೋಮವಾರ ತಮಗೂ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಿಗೂ ತೋರಿಸಬೇಕು ಎಂದಿದ್ದರು ದೊಡ್ಡ ಸಿಸ್ಟರ್. ಆ ವಿಭಾಗದಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಪುಟ ನಡೆದರೆ ಆ ಕುರ್ಚಿ. ನಡೆಯದಿದ್ದರೆ ಮಂಗಳವಾರದಿಂದ ನೆಲಮಾಳಿಗೆ.

ನಾನು ಹೋದಾಗ ಅತ್ತಿಗೆ ಕಿಟಕಿ ಪಕ್ಕದ ಮೇಜಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಎರಡು ಕೈಗೂ ಬಿಳಿ ಹತ್ತಿಯ ಗ್ಲೌಸು, ಒಳಗೆ ಮುಲಾಮು. ಗ್ಲೌಸು ಹಾಕಿದ ಬೆರಳಲ್ಲಿ ಒಂದೊಂದೇ ಕೀಲಿ ಒತ್ತುವುದನ್ನು ನೋಡುತ್ತ ನಿಲ್ಲುವುದು ನನ್ನಂಥವಳಿಗೆ ಶಿಕ್ಷೆ.

"ತೋರಿಸಿ," ಎಂದೆ.

ಹೆಸರು ಟೈಪ್ ಮಾಡಿದರು. ಪಾಸ್‌ವರ್ಡ್ ಟೈಪ್ ಮಾಡಿದರು. ಒತ್ತಿದರು. ಪರದೆ ಒಮ್ಮೆ ರೆಪ್ಪೆ ಬಡಿದು ಮತ್ತೆ ಅದೇ ಲಾಗಿನ್ ಪುಟ ಬಂತು. ದಯವಿಟ್ಟು ಲಾಗಿನ್ ಆಗಿ.

"ಬಿಡಿ, ಇಲ್ಲಿ ಕೊಡಿ," ಎಂದು ನಾನು ಕೀಬೋರ್ಡಿಗೆ ಕೈ ಹಾಕಿದೆ. ಅತ್ತಿಗೆ ನನ್ನ ಮಣಿಕಟ್ಟನ್ನು ಎರಡು ಬೆರಳಲ್ಲಿ ಎತ್ತಿ, ಬಿಸಿ ಪಾತ್ರೆ ಪಕ್ಕಕ್ಕಿಟ್ಟ ಹಾಗೆ ಪಕ್ಕಕ್ಕಿಟ್ಟರು.

"ಗಾಯದೊಳಗೆ ಒಬ್ಬರದೇ ಕೈ. ತೊಳೆಯದವರು ಥಿಯೇಟರಲ್ಲಿ ನಿಲ್ಲಬಹುದು, ಹೇಳಬಹುದು, ಮುಟ್ಟೋ ಹಾಗಿಲ್ಲ. ಕೈ ಹಿಂದೆ ಕಟ್ಕೋ."

"ಅತ್ತಿಗೆ, ಇದು ಲ್ಯಾಪ್‌ಟಾಪು!"

"ನಾಳೆ ಇದು ಅಲ್ಲಿ ಕೆಟ್ರೆ ಮುಟ್ಟಬೇಕಾದವಳು ನಾನು. ಕೈ ಹಿಂದೆ."

ಕೈ ಹಿಂದೆ ಕಟ್ಟಿಕೊಂಡೆ. ಅಣ್ಣ ಅಡುಗೆಮನೆ ಬಾಗಿಲಲ್ಲಿ ನಿಂತು ಇದನ್ನು ಕಣ್ತುಂಬ ನೋಡಿದ. ಅವನು ಬಸ್ ಡ್ರೈವರ್. ಬೇರೆಯವರು ಗಾಡಿ ಓಡಿಸುವಾಗ ಸುಮ್ಮನೆ ಕೂರುವ ಕಷ್ಟ ಅವನಿಗೆ ಗೊತ್ತು, ಹಾಗಾಗಿ ಅವನ ಖುಷಿಗೆ ಎಣೆಯೇ ಇರಲಿಲ್ಲ.

ಇದು ಸಾಲದೆಂಬಂತೆ ಇನ್ನೊಂದು ನಿಯಮ. ಥಿಯೇಟರಿನಲ್ಲಿ ಒಬ್ಬರು ಹೇಳಿದ್ದನ್ನು ಕೇಳಿಸಿಕೊಂಡವರು ತಿರುಗಿ ಹೇಳಬೇಕು. ಹೇಳಿದವರು 'ಸರಿ' ಎಂದ ಮೇಲೆಯೇ ಕೆಲಸ. ತಿರುಗಿ ಹೇಳದ ಮಾತು ಹೇಳದಿದ್ದಂತೆಯೇ ಲೆಕ್ಕ. ಈ ಅಭ್ಯಾಸ ಅತ್ತಿಗೆಯ ರಕ್ತಕ್ಕೆ ಇಳಿದಿತ್ತು. ಸಂತೆಯಿಂದ ಈರುಳ್ಳಿ ತನ್ನಿ ಎಂದರೂ "ಈರುಳ್ಳಿ" ಎಂದು ತಿರುಗಿ ಹೇಳಿ ನಮ್ಮ ಮುಖ ನೋಡುತ್ತ ನಿಲ್ಲುವವರು.

"ಮೇಲಕ್ಕೆ ಹೋಗಿ," ಎಂದೆ.

"ಮೇಲಕ್ಕೆ ಹೋಗ್ತೀನಿ."

"ಹೂಂ."

"ಸರಿ ಅನ್ನು."

"ಸರಿ! ಸರಿ! ಹೋಗಿ!"

ಅತ್ತಿಗೆಯ ಕೋಡ್ ನೋಡಲು ಚೆನ್ನಾಗಿತ್ತು, ಸುಳ್ಳು ಹೇಳಲಾರೆ. ಟ್ರೇಯಲ್ಲಿ ಜೋಡಿಸಿಟ್ಟ ಸಲಕರಣೆಗಳ ಹಾಗೆ ಎಲ್ಲವೂ ಒಂದೇ ದಿಕ್ಕಿಗೆ ಮಲಗಿದ್ದವು. ಪುಟಗಳು ಎರಡೇ. ಮೊದಲನೆಯದು ಹೆಸರು, ಪಾಸ್‌ವರ್ಡ್ ಕೇಳಿ ಪರೀಕ್ಷಿಸುತ್ತದೆ. ಸರಿಯಿದ್ದರೆ ಎರಡನೆಯದಕ್ಕೆ, ಅಂದರೆ ಡ್ಯೂಟಿ ಚಾರ್ಟಿಗೆ ಕಳಿಸುತ್ತದೆ. ಚಾರ್ಟಿನ ಪುಟ, ಬಂದವರು ಲಾಗಿನ್ ಆಗಿದ್ದಾರೋ ಇಲ್ಲವೋ ನೋಡಿ, ಆಗಿಲ್ಲದಿದ್ದರೆ ವಾಪಸ್ ಅಟ್ಟುತ್ತದೆ.

"ಮೊದಲನೇ ಸಾಲಲ್ಲಿ ಇದೇನು?" ಎಂದು ಕೇಳಿದೆ.

"ಅದು ಸ್ಕ್ರಬ್. ಬೇರೆ ಫೈಲಲ್ಲಿ ಬರೆದು ಎಲ್ಲ ಪುಟದ ಮೊದಲಲ್ಲೂ ಕರೆದಿದೀನಿ. ಶುಚಿಗೆ."

ಟೈಪ್ ಮಾಡಿದ್ದರಲ್ಲಿ ಬೇಡದ ಚಿಹ್ನೆ ಗಿಹ್ನೆ ಬಂದರೆ ತೆಗೆದುಹಾಕುವ ಚಿಲ್ಲರೆ ಕೆಲಸವಿರಬೇಕು ಎಂದುಕೊಂಡೆ. "ಒಳ್ಳೇ ಅಭ್ಯಾಸ. ಅದು ಬಿಡಿ, ಕೆಳಗೆ ಹೋಗಿ," ಎಂದೆ.

"ಮೊದಲಿಂದ ಓದೋಣ ಅಂತ..."

"ಅತ್ತಿಗೆ, ಲಾಗಿನ್ ಕೆಟ್ಟಿದೆ ಅಂದ್ರೆ ನೂರಕ್ಕೆ ತೊಂಬತ್ತು ಪಾಸ್‌ವರ್ಡ್‌ನಲ್ಲೇ ಇರುತ್ತೆ. ಕೆಳಗೆ ಹೋಗಿ."

"ಕೆಳಗೆ ಹೋಗ್ತೀನಿ."

"ಸರಿ."

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮ್ಮಮ್ಮ ಹೇಳುತ್ತಿದ್ದರು, ನನ್ನನ್ನೇ ನೋಡುತ್ತ ಹೇಳುತ್ತಿದ್ದರು. ಇಡೀ ಮಧ್ಯಾಹ್ನವನ್ನು ನಾನು ಪಾಸ್‌ವರ್ಡಿಗೆ ಸುರಿದೆ. ಅದನ್ನು ಹೇಗೆ ಜೋಪಾನ ಮಾಡಿದ್ದಾರೆ, ಹೇಗೆ ಹೋಲಿಸುತ್ತಾರೆ, ಇಟ್ಟ ಜಾಗ ಸಾಕಾಗುತ್ತದೋ ಇಲ್ಲವೋ, ಹಳೆಯದನ್ನು ಅಳಿಸಿ ಹೊಸದು ಕೊಟ್ಟರೆ ಏನಾಗುತ್ತದೆ. ಎಲ್ಲವೂ ಸರಿ. ನಾನು ಹೇಳುತ್ತಿದ್ದೆ, ಅವರು ತಿರುಗಿ ಹೇಳುತ್ತಿದ್ದರು, ನಾನು ಸರಿ ಎನ್ನುತ್ತಿದ್ದೆ, ಬಿಳಿ ಗ್ಲೌಸಿನ ಬೆರಳು ಒಂದೊಂದೇ ಕೀಲಿಯ ಮೇಲೆ ಇಳಿಯುತ್ತಿತ್ತು, ಪರದೆ ರೆಪ್ಪೆ ಬಡಿಯುತ್ತಿತ್ತು. ದಯವಿಟ್ಟು ಲಾಗಿನ್ ಆಗಿ. ನನ್ನ ತಲೆ ಚಿಟ್ಟು ಹಿಡಿದುಹೋಯಿತು.

"ಇದಕ್ಕೇನು ದೊಡ್ಡ ರೋಗ!" ಎಂದು ಕಿರುಚಿಯೇಬಿಟ್ಟೆ. "ಎಲ್ಲ ಸರಿಯಿದ್ರೂ ಯಾಕೆ ಆಗ್ತಿಲ್ಲ!"

ಅತ್ತಿಗೆ ತಿರುಗಿಯೂ ನೋಡಲಿಲ್ಲ. "ಸರ್ಜನ್‌ಗಳು ಇದಕ್ಕಿಂತ ಜೋರಾಗಿ ಕೂಗ್ತಾರೆ. ಅವರ ಕೈಯಲ್ಲಿ ಚಾಕೂನೂ ಇರುತ್ತೆ."

"ನೋಡಿ, ಒಂದ್ ಕೆಲ್ಸ ಮಾಡೋಣ. ನೀವು ಎದ್ದೇಳಿ, ಊಟ ಮಾಡಿ. ಅಷ್ಟರಲ್ಲಿ ನಾನೇ ಎಲ್ಲಾ ಹೊಸದಾಗಿ ಬರೆದು ಕೊಟ್ಬಿಡ್ತೀನಿ. ನೀವು ಕೈ ತೊಳೆದು ಬರೋಷ್ಟರಲ್ಲಿ ಮುಗಿದಿರುತ್ತೆ."

ಕೈ ತೊಳೆದು ಎಂಬ ಮಾತು ಬಾಯಿಂದ ಹೊರಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅತ್ತಿಗೆ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಅಣ್ಣ ಚಹಾ ತಂದಿಟ್ಟು, ನನ್ನ ಕಡೆ ಒಂದು ನೋಟ ಎಸೆದು ಒಳಗೆ ಹೋದ.

"ನೀನು ಬರ್ಕೊಟ್ಟಿದ್ದನ್ನ ನಾಳೆ ತೋರಿಸ್ಬಹುದು," ಎಂದರು ಅತ್ತಿಗೆ. "ಅವರು ಚೆನ್ನಾಗಿದೆ ಅಂತಾರೆ. ಕುರ್ಚೀನೂ ಕೊಡ್ತಾರೆ. ನಾಡಿದ್ದು ಆ ಕುರ್ಚಿ ಮೇಲೆ ಕೂತು ನಾನೇನು ಮಾಡ್ಲಿ? ಥಿಯೇಟರಲ್ಲಿ ಎಲ್ಲ ಗೊತ್ತಿತ್ತು ಸಾಸಿವೆ ನಂಗೆ. ಕಣ್ಣು ಮುಚ್ಕೊಂಡು ಹೇಳ್ತಿದ್ದೆ ಯಾವ ಸಲಕರಣೆ ಎಲ್ಲಿದೆ ಅಂತ. ಗೊತ್ತಿಲ್ದೆ ಕೂತಿರೋದಾದ್ರೆ ಬಟ್ಟೆ ಕೋಣೇನೇ ವಾಸಿ. ಅಲ್ಲಿ ಮೋಸ ಇಲ್ಲ."

ನನಗೆ ನಾಚಿಕೆಯಾಯಿತು. ಇಷ್ಟು ಹೊತ್ತು ಕೆಟ್ಟ ಪುಟವೊಂದೇ ನನ್ನ ಕಣ್ಣಿಗೆ ಬಿದ್ದಿತ್ತು. ಅದರ ಮುಂದೆ ಕೂತವರು ಕಂಡಿರಲಿಲ್ಲ. ಚಹಾ ಲೋಟವನ್ನು ಅವರ ಕಡೆ ಸರಿಸಿದೆ.

"ತಪ್ಪಾಯ್ತು ಅತ್ತಿಗೆ. ಈಗ ನೀವು ಹೇಳಿ. ಬೆಳಿಗ್ಗೆಯಿಂದ ನೋಡ್ತಿದೀರಲ್ಲ, ನಿಮಗೇನು ಕಾಣಿಸ್ತು?"

ಅತ್ತಿಗೆ ಬಂದು ಕೂತರು. ಲೋಟವನ್ನು ಎರಡು ಗ್ಲೌಸಿನ ನಡುವೆ ಹಿಡಿದುಕೊಂಡರು. "ನಂಗೆ ಒಂದು ವಿಚಿತ್ರ ಅನ್ಸಿದ್ದು ಅಂದ್ರೆ, ತಪ್ಪು ಪಾಸ್‌ವರ್ಡ್ ಕೊಟ್ರೆ ಅದು ಬಯ್ಯುತ್ತೆ. ಪಾಸ್‌ವರ್ಡ್ ತಪ್ಪು ಅಂತ ಕೆಂಪಕ್ಷರದಲ್ಲಿ. ಸರಿಯಾದ್ದು ಕೊಟ್ರೆ ಬಯ್ಯಲ್ಲ. ಮರ್ಯಾದೆಯಿಂದ ದಯವಿಟ್ಟು ಅಂದು ವಾಪಸ್ ಕಳಿಸುತ್ತೆ. ರೋಗಿ ಒಬ್ಬನೇ ಆದ್ರೂ ಲಕ್ಷಣ ಬೇರೆ ಬೇರೆ ಅಲ್ವಾ?"

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಎರಡು ಬೇರೆ ಉತ್ತರ ಬರುತ್ತಿದೆ ಎಂದರೆ ಮೊದಲ ಬಾಗಿಲು ಅವರನ್ನು ಗುರುತಿಸಿ ಒಳಗೆ ಬಿಟ್ಟಿದೆ. ಎರಡನೆಯ ಬಾಗಿಲು ನೀವು ಯಾರು ಎನ್ನುತ್ತಿದೆ. ಪಾಸ್‌ವರ್ಡಿಗೂ ಇದಕ್ಕೂ ಸಂಬಂಧವೇ ಇಲ್ಲ. ಇದನ್ನು ಅಣ್ಣನ ಫೋನ್ ಬಂದಾಗಲೇ ಕೇಳಿದ್ದರೂ ನಾನು ಕೂತಲ್ಲಿಂದಲೇ ಹೇಳಬಹುದಿತ್ತು, ಕೇಳಲಿಲ್ಲವಲ್ಲ.

"ಮೊದಲ ಪುಟ ನನ್ನನ್ನ ಒಳಗೆ ಬಿಡ್ತು ಅನ್ನೋದು ಎರಡನೇ ಪುಟಕ್ಕೆ ಹೇಗೆ ಗೊತ್ತಾಗುತ್ತೆ?" ಎಂದು ಅತ್ತಿಗೆ ಕೇಳಿದರು. "ಪಾಠದಲ್ಲಿ ಸೆಷನ್ ಅಂದ್ರು. ಹೇಳಿದ ಹಾಗೇ ಬರೆದೆ. ತಲೆಗೆ ಹೋಗ್ಲಿಲ್ಲ."

ನಾನು ನಾಲ್ಕು ದೊಡ್ಡ ಮಾತಿನಿಂದ ಶುರುಮಾಡಿ, ಅವರ ಮುಖ ನೋಡಿ ನಿಲ್ಲಿಸಿದೆ. "ಆಸ್ಪತ್ರೆಗೆ ರೋಗಿ ಬಂದು ಭರ್ತಿಯಾದಾಗ ಕೈಗೆ ಏನು ಕಟ್ತೀರಿ?"

"ಕೈಪಟ್ಟಿ. ನಂಬರ್ ಇರುತ್ತೆ."

"ಬರೀ ನಂಬರು. ರೋಗದ ಕತೆಯೆಲ್ಲ ಎಲ್ಲಿರುತ್ತೆ?"

"ಕೇಸ್ ಶೀಟಲ್ಲಿ. ನಮ್ಮ ಹತ್ರ."

"ರೋಗಿ ಎಕ್ಸ್‌ರೇ ಕೋಣೆಗೆ ಹೋದ. ಅಲ್ಲಿಯವರು ಅವನ ಮುಖ ನೋಡಿದವರಲ್ಲ."

"ಪಟ್ಟಿಯ ನಂಬರ್ ನೋಡ್ತಾರೆ, ಆ ನಂಬರಿನ ಶೀಟ್ ತೆಗೀತಾರೆ." ಅತ್ತಿಗೆ ಲೋಟ ಕೆಳಗಿಟ್ಟರು. "ಅದೇ ಸೆಷನ್ನಾ?"

"ಅದೇ. ಲಾಗಿನ್ ಪುಟ ತೆರೆದಾಗ್ಲೇ ಬ್ರೌಸರ್‌ಗೆ ಒಂದು ಪಟ್ಟಿ ಕಟ್ಟುತ್ತೆ, ಕುಕೀ ಅಂತಾರೆ ಅದಕ್ಕೆ. ಪ್ರತಿ ಪುಟಕ್ಕೆ ಹೋದಾಗಲೂ ಬ್ರೌಸರ್ ಆ ಪಟ್ಟಿ ತೋರಿಸುತ್ತೆ."

"ಹಾಗಾದ್ರೆ ಎರಡು ಬಾಗಿಲಲ್ಲೂ ಪಟ್ಟಿ ನೋಡೋಣ," ಎಂದರು ಅವರು, ನಾನು ಹೇಳುವ ಮೊದಲೇ. ಎರಡೂ ಪುಟದ ಕೊನೆಯಲ್ಲಿ ಸೆಷನ್ ನಂಬರ್ ಕಾಣುವಂತೆ ಒಂದೊಂದು ಸಾಲು ಬರೆದರು. ಬರೆಯುವುದು ಹೇಗೆಂದು ನಾನು ಹೇಳಿದೆ, ಅವರು ತಿರುಗಿ ಹೇಳಿದರು, ನಾನು ಸರಿ ಎಂದೆ. ಈ ಸಲ ಹಲ್ಲು ಕಚ್ಚದೆ ಎಂದೆ.

ಲಾಗಿನ್ ಪುಟ ತೆರೆದರು. ಅಡಿಯಲ್ಲಿ ಉದ್ದನೆಯ ನಂಬರು. ಹೆಸರು, ಪಾಸ್‌ವರ್ಡ್, ಒತ್ತಿದರು. ವಾಪಸ್ ಬಂತು. ಅಡಿಯಲ್ಲಿ ನಂಬರು ಬೇರೆ.

"ಪಟ್ಟಿ ಬದಲಾಗಿದೆ," ಎಂದರು ಅತ್ತಿಗೆ. ಅವರ ದನಿ ಥಿಯೇಟರಿನ ದನಿಯಾಗಿತ್ತು, ಮೆಲ್ಲಗೆ, ಸ್ಪಷ್ಟವಾಗಿ. "ದಾರಿಯಲ್ಲಿ ಯಾರೋ ಕತ್ತರಿಸಿ ಹೊಸದು ಕಟ್ತಿದಾರೆ. ಯಾರು ಅಂತ ಮೊದಲಿಂದ ಓದೋಣ."

ಮೊದಲಿಂದ ಎಂದರೆ ಮೊದಲ ಸಾಲು. ಮೊದಲ ಸಾಲು ಸ್ಕ್ರಬ್. ಅತ್ತಿಗೆ ಆ ಫೈಲು ತೆರೆದೊಡನೆ ನನಗೆ ಎಲ್ಲ ಕಾಣಿಸಿಬಿಟ್ಟಿತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ನಮ್ಮ ಮಧ್ಯಾಹ್ನ. ಮಾತು ನಾಲಿಗೆಯ ತುದಿಗೆ ಬಂದು ಕುಣಿಯುತ್ತಿತ್ತು. ಹಿಂದೆ ಕಟ್ಟಿದ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದೆ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ನಾನು ಸುಮ್ಮನಿದ್ದದ್ದು ನೆನಪಿಲ್ಲ.

ಅತ್ತಿಗೆ ಗಟ್ಟಿಯಾಗಿ ಓದಿಕೊಂಡರು. "ಹಳೇ ಸೆಷನ್ ಏನಿದ್ರೂ ಖಾಲಿ ಮಾಡು. ಅದನ್ನ ನಾಶ ಮಾಡು. ಹೊಸದು ಶುರು ಮಾಡು." ನನ್ನ ಕಡೆ ತಿರುಗಿ, "ಇದು ಸರೀನೇ ಇದೆ. ಒಬ್ಬರನ್ನ ಮುಟ್ಟಿದ ಗ್ಲೌಸಲ್ಲಿ ಇನ್ನೊಬ್ಬರನ್ನ ಮುಟ್ಟಬಾರದು. ಪ್ರತಿ ಪುಟಾನೂ ಶುಚಿಯಾಗಿ ಶುರುವಾಗ್ಲಿ ಅಂತ ಹಾಕಿದ್ದು. ಒಬ್ಬ ರೋಗಿ ಹೋಗಿ ಇನ್ನೊಬ್ಬ ರೋಗಿ ಬಂದಾಗ..."

ಅಲ್ಲಿಗೆ ನಿಂತರು.

"ರೋಗಿ ಅದೇ ಅಲ್ವಾ," ಎಂದರು.

ಬಿಳಿ ಗ್ಲೌಸಿನ ಬೆರಳು ಮತ್ತೆ ಮೊದಲ ಸಾಲಿಗೆ ಹೋಯಿತು.

"ಬಾಗಿಲು ಬೇರೆ, ರೋಗಿ ಅದೇ. ಅಯ್ಯೋ ಸಾಸಿವೆ! ಬಾಗಿಲಿಗೊಂದು ಪಟ್ಟಿ ಕತ್ತರಿಸ್ತಿರೋಳು ನಾನೇನೇ!"

ನಗತೊಡಗಿದರು. ಗ್ಲೌಸು ಹಾಕಿದ ಎರಡು ಕೈಯನ್ನೂ ಮುಖಕ್ಕೆ ಮುಚ್ಚಿಕೊಂಡು, ಭುಜ ಕುಲುಕಿಸಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಕೈ ಕೆಟ್ಟ ಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಅಣ್ಣ ಒಳಗಿಂದ ಓಡಿಬಂದು ನಮ್ಮಿಬ್ಬರನ್ನೂ ನೋಡಿ, "ಯಾರಿಗೆ ಹುಚ್ಚು ಹಿಡೀತು?" ಎಂದ.

ಸಾಲನ್ನು ಅಳಿಸಿಬಿಡಿ ಎಂದೆ. ಅತ್ತಿಗೆ ಒಪ್ಪಲಿಲ್ಲ. "ಪಟ್ಟಿ ಕತ್ತರಿಸೋದೂ ಒಂದು ಕಡೆ ಬೇಕಲ್ಲ? ಮನೆಗೆ ಕಳಿಸೋವಾಗ." ಸ್ಕ್ರಬ್ಬನ್ನು ಎರಡೂ ಪುಟದ ತಲೆಯಿಂದ ತೆಗೆದು ಲಾಗೌಟ್ ಮಾಡುವ ಜಾಗಕ್ಕೆ ಹಾಕಿದರು, ತಲೆಯಲ್ಲಿ ಸೆಷನ್ ಶುರುಮಾಡುವ ಒಂದು ಸಾಲನ್ನಷ್ಟೇ ಉಳಿಸಿದರು. ನಾನು ಹೇಳಿಕೊಟ್ಟಿರಲಿಲ್ಲ. ಸರಿ ಎಂದು ಮಾತ್ರ ಎಂದೆ.

ಹೆಸರು. ಪಾಸ್‌ವರ್ಡ್. ಒತ್ತಿದರು.

ಡ್ಯೂಟಿ ಚಾರ್ಟು ತೆರೆದುಕೊಂಡಿತು. ಅಣ್ಣ ಚಪ್ಪಾಳೆ ತಟ್ಟಿದ. ನಾನು ಕೈ ಬಿಚ್ಚಿ ಅತ್ತಿಗೆಯ ಭುಜ ಹಿಡಿದು ಅಲ್ಲಾಡಿಸಿದೆ. ಆಮೇಲೆ ಮೂವರೂ ಚಾರ್ಟನ್ನು ಓದಿದೆವು. ಅತ್ತಿಗೆಯ ಹೆಸರಿನಲ್ಲಿ ಲಾಗಿನ್ ಆಗಿದ್ದರಿಂದ ಅವರ ಸಾಲೇ ಎಲ್ಲಕ್ಕಿಂತ ಮೇಲಿತ್ತು. ಹೆಸರಿನ ಮುಂದೆ, ಮಂಗಳವಾರದಿಂದ: ಬಟ್ಟೆ ಕೋಣೆ.

"ಗೋಡೆ ಮೇಲೆ ಹಾಗೇ ಇತ್ತು," ಎಂದರು ಅತ್ತಿಗೆ. "ಇದ್ದದ್ದನ್ನೇ ಹಾಕ್ಬೇಕಲ್ಲ."

ಅಣ್ಣ ಹೋಗಿ ಊಟ ಬಿಸಿಗಿಟ್ಟ. ಪುಟದ ಅಡಿಯಲ್ಲಿ ನಂಬರ್ ತೋರಿಸುವ ಸಾಲು ನೋಡಲು ಅಸಹ್ಯ, ನಾಳೆಗೆ ತೆಗೆದುಬಿಡಿ ಎಂದೆ. "ನಾಳೆ ಮುಗಿಯೋವರೆಗೂ ಇರ್ಲಿ," ಎಂದರು. "ಒಳಗೆ ನೋಡೋ ಕಿಂಡಿ ಅದು. ಎಲ್ಲ ಸರಿಯಾಯ್ತು ಅಂತ ಗೊತ್ತಾಗೋ ಮೊದಲು ಹೊಲಿಗೆ ಹಾಕಲ್ಲ."

ಸೋಮವಾರ ನಾನು ಆಫೀಸಿಗೆ ತಡವಾಗಿ ಬರುತ್ತೇನೆಂದು ಹೇಳಿ ಆಸ್ಪತ್ರೆಗೆ ಹೋದೆ. ಅಲ್ಲಿ ನನಗೆ ಹೆದರುವ ಗುಂಪಿನವರು ಆ ಬೆಳಿಗ್ಗೆ ಹಬ್ಬ ಮಾಡಿಕೊಂಡಿರಬೇಕು. ಮೊದಲ ಮಹಡಿಯಲ್ಲಿ ಹೊಸ ನರ್ಸುಗಳಿಗೆ ಪಾಠ ಹೇಳುವ ಕೋಣೆ. ಫಿನೈಲ್ ವಾಸನೆ, ಪ್ಲಾಸ್ಟಿಕ್ ಕುರ್ಚಿಗಳು, ಮೂಲೆಯಲ್ಲಿ ಎಲ್ಲರೂ ಬಳಸುವ ಒಂದು ಕಂಪ್ಯೂಟರು. ದೊಡ್ಡ ಸಿಸ್ಟರ್ ಹೆಸರಿಗೆ ತಕ್ಕಂತೆ ಎತ್ತರದ ಹೆಂಗಸು, ಕನ್ನಡಕದ ಮೇಲಿನಿಂದ ನನ್ನನ್ನು ಒಮ್ಮೆ ಅಳೆದು, "ನಾದಿನೀನಾ? ಕೂತ್ಕೊಳ್ಳಿ," ಎಂದರು. ಪಕ್ಕದಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು, ಬೋಳುತಲೆಯ, ಸೌಮ್ಯ ಮುಖದ ಮನುಷ್ಯ. ಪುಟವನ್ನು ಅವರೇ ಬೆಳಿಗ್ಗೆ ಆಸ್ಪತ್ರೆಯ ಸರ್ವರಿಗೆ ಹಾಕಿದ್ದರು. ನಾನು ಕೂರಲಿಲ್ಲ. ಹಿಂದೆ ಗೋಡೆಗೊರಗಿ, ಕೈ ಹಿಂದೆ ಕಟ್ಟಿಕೊಂಡು ನಿಂತೆ.

"ನಾನೇ ಲಾಗಿನ್ ಆಗ್ತೀನಿ," ಎಂದು ದೊಡ್ಡ ಸಿಸ್ಟರ್ ಮೂಲೆಯ ಕಂಪ್ಯೂಟರಿನ ಮುಂದೆ ಕೂತರು. ಅತ್ತಿಗೆ ಕೊಟ್ಟ ಹೆಸರು, ಪಾಸ್‌ವರ್ಡ್ ಹಾಕಿದರು. ಒತ್ತಿದರು. ಪರದೆ ರೆಪ್ಪೆ ಬಡಿಯಿತು.

ದಯವಿಟ್ಟು ಲಾಗಿನ್ ಆಗಿ.

ನನ್ನ ಕೈ ತಾನಾಗಿಯೇ ಮುಂದೆ ಬಂದು, ಒಂದು ಹೆಜ್ಜೆಯೂ ಇಟ್ಟಿದ್ದೆ. ಅತ್ತಿಗೆ ತಿರುಗದೆಯೇ ಒಂದು ಬೆರಳೆತ್ತಿದರು. ನಿಂತಲ್ಲೇ ನಿಂತೆ.

"ಇನ್ನೊಂದ್ಸಲ ಹಾಕಿ ಸಿಸ್ಟರ್," ಎಂದರು. ಅವರ ಕಣ್ಣು ಪುಟದ ಅಡಿಯಲ್ಲಿತ್ತು. ದೊಡ್ಡ ಸಿಸ್ಟರ್ ಮತ್ತೆ ಹಾಕಿದರು. ಮತ್ತೆ ವಾಪಸ್. ಅಡಿಯ ನಂಬರು ಪ್ರತಿ ಸಲವೂ ಬೇರೆ.

ಮುಖ್ಯಸ್ಥರು ಗಂಟಲು ಸರಿಪಡಿಸಿಕೊಂಡು, "ಪರವಾಗಿಲ್ಲ, ಹೊಸಬರಿಗೆ ಇದೆಲ್ಲ..." ಎಂದು ಶುರುಮಾಡಿದರು. ಆ ಮಾತು ಎಲ್ಲಿ ಮುಗಿಯುತ್ತದೆಂದು ನನಗೆ ಗೊತ್ತಿತ್ತು: ನೆಲಮಾಳಿಗೆಯಲ್ಲಿ. ಅವರ ಮೇಲೆ ಸಿಡಿಯದೆ ಇರಲು ನಾನು ಪಟ್ಟ ಪಾಡು ನನಗೇ ಗೊತ್ತು.

"ಒಂದು ನಿಮಿಷ ಸರ್," ಎಂದರು ಅತ್ತಿಗೆ. "ಪಟ್ಟಿ ಕೈಯಲ್ಲಿ ನಿಲ್ತಿಲ್ಲ. ಕೋಡ್ ನಿನ್ನೇದೇ, ನಾನು ಏನೂ ಮುಟ್ಟಿಲ್ಲ. ಹೊಸದು ಅಂದ್ರೆ ಎರಡು: ನಿಮ್ಮ ಸರ್ವರ್, ಈ ಕಂಪ್ಯೂಟರ್. ಒಂದೊಂದೇ ನೋಡ್ತೀನಿ."

ಚೀಲದಿಂದ ತಮ್ಮ ಲ್ಯಾಪ್‌ಟಾಪ್ ತೆಗೆದು, ಅದೇ ಸರ್ವರಿನ ಅದೇ ಪುಟ ತೆರೆದು ಲಾಗಿನ್ ಆದರು. ಬಿಳಿ ಬೆರಳುಗಳು ಅವಸರಪಡಲಿಲ್ಲ. ಆ ನಿಧಾನವನ್ನು ನಾನು ಮೊದಲ ಸಲ ಮೆಚ್ಚಿಕೊಂಡೆ. ಚಾರ್ಟು ತೆರೆಯಿತು.

"ಸರ್ವರ್ ಸರಿ ಇದೆ. ಉಳಿದದ್ದು ಈ ಕಂಪ್ಯೂಟರ್. ಸರ್, ಪುಟಗಳು ಇದರಲ್ಲಿ ಗುರುತು ಬಿಡದ ಹಾಗೆ ಏನಾದ್ರೂ ಬಿಗಿ ಮಾಡಿದೀರಾ? ಕುಕೀ ಅಂತಾರಲ್ಲ, ಅದನ್ನ ತಡೆದಿದೀರಾ?"

ಮುಖ್ಯಸ್ಥರು ಬೋಳುತಲೆಯ ಮೇಲೆ ಕೈಯಾಡಿಸಿದರು. "ಹೌದಲ್ಲ! ನಾನೇ ಮಾಡಿದ್ದು. ಎಲ್ಲರೂ ಬಳಸೋ ಯಂತ್ರ ನೋಡಿ. ಒಬ್ಬರ ಗುರುತು ಇನ್ನೊಬ್ಬರಿಗೆ ಸಿಗಬಾರದು, ಶುಚಿಯಾಗಿರ್ಲಿ ಅಂತ..."

ಅತ್ತಿಗೆ ತಿರುಗಿ ನನ್ನನ್ನು ನೋಡಿದರು. ನಾವಿಬ್ಬರೂ ನಗಬಾರದೆಂದು ಎಷ್ಟೋ ಪ್ರಯತ್ನಪಟ್ಟೆವು. ಆಗಲಿಲ್ಲ.

"ಏನಾಯ್ತು?" ಎಂದರು ದೊಡ್ಡ ಸಿಸ್ಟರ್.

"ನನ್ನ ರೋಗಾನೇ ಇವರಿಗೂ ಇದೆ ಸಿಸ್ಟರ್," ಎಂದು ಅತ್ತಿಗೆ ಕೈಪಟ್ಟಿಯ ಕತೆಯನ್ನು ಎರಡೇ ಮಾತಿನಲ್ಲಿ ಹೇಳಿದರು. ಮುಖ್ಯಸ್ಥರು ನಮಗಿಂತ ಜೋರಾಗಿ ನಕ್ಕರು, ನಗುತ್ತಲೇ ತಮ್ಮ ಬಿಗಿ ಸಡಿಲಿಸಿದರು. ದೊಡ್ಡ ಸಿಸ್ಟರ್ ಮತ್ತೆ ಹೆಸರು, ಪಾಸ್‌ವರ್ಡ್ ಹಾಕಿದರು. ಚಾರ್ಟು ಬಂತು. ಅವರು ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಹೆಸರಿನ ಮೇಲೆ ಬೆರಳಿಡುತ್ತ ಕೆಳಗಿಳಿದರು. ಒಂದು ಕಡೆ ಬೆರಳು ನಿಂತಿತು.

"ನಿಮ್ಮ ಹೆಸರಿನ ಮುಂದೆ ಬಟ್ಟೆ ಕೋಣೆ ಅಂತಿದೆ."

"ಗೋಡೆ ಮೇಲೆ ಹಾಗೇ ಇದೆ ಸಿಸ್ಟರ್."

ದೊಡ್ಡ ಸಿಸ್ಟರ್ ಮುಖ್ಯಸ್ಥರ ಕಡೆ ನೋಡಿದರು. "ನನ್ನನ್ನೇನು ಕೇಳ್ತೀರಿ?" ಎಂದರು ಅವರು. "ನಾನು ಹಾಕಿದ ಬೀಗ ನನಗೇ ಮರೆತುಹೋಗಿತ್ತು. ಇವರು ಹುಡುಕಿದ್ರು. ನಾಳೇನೇ ಕಳಿಸಿ."

"ಈ ಮಾಹಿತಿ ಹಳೇದು," ಎಂದರು ದೊಡ್ಡ ಸಿಸ್ಟರ್, ಕುರ್ಚಿಯಿಂದ ಎದ್ದು ಜಾಗ ಬಿಟ್ಟುಕೊಡುತ್ತ. "ತಿದ್ದಿ. ನಾಳೆಯಿಂದ ಕಂಪ್ಯೂಟರ್ ವಿಭಾಗ."

ಅತ್ತಿಗೆ ಬಂದು ಕೂತರು. ನಾನು ಕಾದೆ. ಈರುಳ್ಳಿಯನ್ನೂ ತಿರುಗಿ ಹೇಳುವ ಹೆಂಗಸು ಬಾಯಿ ಬಿಡುತ್ತಿಲ್ಲ. ಗ್ಲೌಸಿನ ಬೆರಳುಗಳು ಕೀಲಿಗಳ ಮೇಲೆ ಹಾಗೆಯೇ ನಿಂತಿದ್ದವು. ದೊಡ್ಡ ಸಿಸ್ಟರ್ ಕೂಡ ಥಿಯೇಟರಿನಲ್ಲಿ ಬೆಳೆದವರು, ಅವರೂ ಕಾದರು. ಆಮೇಲೆ ತುಸು ಬಗ್ಗಿ, ಮೆಲ್ಲಗೆ, "ತಿರುಗಿ ಹೇಳಿ ಸಿಸ್ಟರ್," ಎಂದರು.

"ನಾಳೆಯಿಂದ..." ಎಂದು ಅತ್ತಿಗೆ ನಿಂತರು. "ನಾಳೆಯಿಂದ ಕಂಪ್ಯೂಟರ್ ವಿಭಾಗ."

"ಸರಿ."

ಅತ್ತಿಗೆ ಒಂದೊಂದೇ ಅಕ್ಷರ ಒತ್ತತೊಡಗಿದರು. ನಾನು ಗೋಡೆಗೊರಗಿ ನಿಂತೇ ಇದ್ದೆ. ಕೈ ಹಿಂದೆಯೇ ಇತ್ತು. ಕಣ್ಣೊರೆಸಿಕೊಳ್ಳಲೂ ಮುಂದೆ ತರಲಿಲ್ಲ.